ಘಟಪ್ರಭಾ ಸ್ಟೇಷನ್ನಿಗೆ ಹೊರಟ ಎಮ್ಮೆ

ಶ್ರೀ ಗುರುಬಸವ ಪ್ರಸನ್ನ

ಮೂಡಲಗಿ,
ಗುರುವಾರ, ತಾ. ೧೭-೧೧-೧೯೩೮

ಚಿ. ಸೌ. ಕಾಶೆವ್ವಳಿಗೆ ಮೂಡಲಗಿಯಿಂದ ರಾಚಪ್ಪ ಮಾಡುವ ಆಶೀರ್ವಾದ. ಅಲ್ಲ, ಆಶೀರ್ವಾದ ಬೇಡ, ಅದನ್ನು ಮಾಡುವ ಸ್ಥಿತಿಯಲ್ಲಿ ನಾನಿಲ್ಲ. ಶರಣು ಎಂದೇ ಓದಿಕೋ. ಗಂಡನಾದವನು ಹೆಂಡತಿಗೆ ಶರಣು ಬರೆದಿದ್ದಾನೆ ಎಂದು ನಿನ್ನಣ್ಣ ನಕ್ಕರೆ ನಗಲಿ.

ಮದುವೆಯಾಗಿ ಆರು ವರ್ಷವಾಯಿತು. ಇಷ್ಟು ದಿನ ಹುಕ್ಕೇರಿಗೆ ಬರೆದ ಪತ್ರಗಳೆಲ್ಲ ಮಾವ ಉದ್ದಪ್ಪನವರ ಹೆಸರಿಗೆ. ಕೊನೆಯ ಸಾಲಿನಲ್ಲಿ ‘ನಿಮ್ಮ ಮಗಳಿಗೂ ಕ್ಷೇಮ ತಿಳಿಸುವುದು’ ಎಂದರೆ ನನ್ನ ಕರ್ತವ್ಯ ಮುಗಿಯುತ್ತಿತ್ತು. ಲಕೋಟೆಯ ಮೇಲೆ ನಿನ್ನ ಹೆಸರು ಬರೆದದ್ದು ಇದೇ ಮೊದಲು. ಬರೆದು ಮುಗಿಸಿ ಯಾರಾದರೂ ನೋಡಿದರೇನೋ ಎಂದು ಬಾಗಿಲ ಕಡೆ ತಿರುಗಿ ನೋಡಿದೆ. ಮೂವತ್ತೆರಡು ವರ್ಷದ ಟ್ರೇಂಡ್ ಮಾಸ್ತರ ನಾನು!

ಇದು ಶಾಲೆಯ ಕೆಲಸದ ಪತ್ರ ಎಂದು ಮೊದಲೇ ಹೇಳಿಬಿಡುತ್ತೇನೆ. ಇಂಗ್ಲೀಷ ವರ್ಗದ ಒಂದು ಅಡಚಣಿಯ ಬಗ್ಗೆ ನಿನ್ನ ಸಲಹೆ ಬೇಕಾಗಿದೆ, ಅಷ್ಟೇ. ಶಾಲೆಯ ಕೆಲಸದ ಪತ್ರವನ್ನು ನಾಲ್ಕು ಸಲ ಬರೆದು ನಾಲ್ಕು ಸಲ ಯಾಕೆ ಹರಿದೆ ಎಂದು ಕೇಳಬೇಡ.

ಶ್ರಾವಣದ ಕೊನೆಯ ಸೋಮವಾರ ನೀನು ಹೊರಡುವಾಗ ನೆರೆಮನೆಯ ಕಾಡವ್ವನ ಮುಂದೆ ಒಂದು ಮಾತು ಹೇಳಿ ಹೋದೆಯಂತೆ. “ತಪ್ಪು ಯಾರದಂತ ಅವರ ಬಾಯಲೆ ಕೇಳೂತನಕ ಈ ಹೊಸ್ತಿಲಾ ತುಳಿಯೂದಿಲ್ಲ” ಎಂದು. ಆ ಮುದುಕಿ ಅದನ್ನು ದಿನಕ್ಕೊಮ್ಮೆ ನನಗೆ ಹೇಳುತ್ತಾಳೆ, ನಾನು ಮರೆತೇನೆಂಬ ಭಯ ಅವಳಿಗೆ. ನನಗೂ ಹಟ ಬಂತು. ‘ಹೋದವಳು ತಾನೇ ಬರಲಿ’ ಎಂದು ಕೂತೆ. ದೀಪಾವಳಿಗೆ ಮಾವನವರು ಅಳಿಯನಿಗೆ ಕರೆ ಕಳಿಸಿದಾಗಲೂ ‘ಶಾಲೆಯ ಕೆಲಸ ಬಹಳ, ಬರಲಾಗದು’ ಎಂದು ಬರೆದೆ. ಹಬ್ಬದ ಸೂಟಿಯಲ್ಲಿ ಎಂಥ ಶಾಲೆ, ಎಂಥ ಕೆಲಸ ಎಂದು ಅವರು ಕೇಳಲಿಲ್ಲ. ದೊಡ್ಡವರು.

ಈಗ ವರ್ಗದ ವಿಷಯಕ್ಕೆ ಬರುತ್ತೇನೆ. ಬೆಲ್ಲದ ವ್ಯಾಪಾರಿ ಅಣ್ಣಾಸಾಹೇಬರು ಜೂನಿನಲ್ಲಿ ಮನೆಗೇ ಬಂದು, “ಮಾಸ್ತರ್ರ, ನಮ್ಮ ಊರ ಹುಡುಗರು ಗೋಕಾಕದ ಇಂಗ್ಲೀಷ ಸಾಲಿಗೆ ಹೋಗಿ ಬೆ ಬೆ ಅಂತ ನಿಂದರತಾವ. ಇಲ್ಲೇ ಒಂದೀಟು ಬಾಯಿ ತಗಿಸ್ರಿ” ಎಂದದ್ದು ನಿನಗೆ ನೆನಪಿದೆ, ನೀನೇ ಅವರಿಗೆ ಚಹಾ ಕೊಟ್ಟವಳು. ಮುಂಜಾನೆ ಶಾಲೆಗೆ ಮೊದಲು ಒಂದು ತಾಸು, ನಾಲ್ಕನೆಯ ಇಯತ್ತೆಯ ಹನ್ನೊಂದು ಮಕ್ಕಳು. ಮೂರು ತಿಂಗಳು ನಾನು ಕಲಿಸಿದೆ. ಕೈಯಲ್ಲಿ ಛಡಿ, ಹಲಗೆಯ ಮೇಲೆ ಶಬ್ದ, ಶಬ್ದದ ಎದುರಿಗೆ ಅರ್ಥ. ಮಕ್ಕಳು ಬರೆದುಕೊಂಡರು, ಬಾಯಿಪಾಠ ಮಾಡಿದರು. ಆದರೆ ‘ನಿನ್ನ ಹೆಸರೇನು’ ಎಂದು ಇಂಗ್ಲೀಷಿನಲ್ಲಿ ಕೇಳಿದರೆ ಹನ್ನೊಂದೂ ಬಾಯಿಗೆ ಬೀಗ. ಕುರುಬರ ಬೀರಸಿದ್ದಪ್ಪನಂತೂ ಮೂರು ತಿಂಗಳಲ್ಲಿ ‘ಪ್ರೆಜೆಂಟ್’ ಎಂಬುದನ್ನು ಕೂಡ ತಲೆ ಅಲ್ಲಾಡಿಸಿಯೇ ಹೇಳಿದವನು.

ಅದೇ ಮಕ್ಕಳು ಸಂಜೆ ನಮ್ಮ ಮನೆಯ ಕಟ್ಟೆಯ ಮೇಲೆ ನಿನ್ನ ಸುತ್ತ ಕೂತು, ಘಟಪ್ರಭಾ ಸ್ಟೇಷನ್ನಿಗೆ ಹೊರಟ ಎಮ್ಮೆಯ ಕಥೆ ಕೇಳುತ್ತ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವು. ನೀನು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಹನ್ನೊಂದು ಕಂಠಗಳಿಂದ “ಹ್ಞೂಂ!” ಬರುತ್ತಿತ್ತು. ನಾನು ಒಳಗೆ ವ್ಯಾಕರಣದ ಪುಸ್ತಕ ತೆರೆದು ಕೂತಿರುತ್ತಿದ್ದೆ. ಆ ಪುಸ್ತಕದ ಒಂದೇ ಪುಟವನ್ನು ನಾನು ಹದಿನೈದು ದಿನ ಓದಿದ್ದೇನೆ. ಎಮ್ಮೆಗೆ ರೈಲಿನಲ್ಲಿ ಕೂತು ಊರು ನೋಡುವ ಆಸೆ ಹುಟ್ಟಿದ್ದು, ಕೆರೆಯಿಂದೆದ್ದು ಬಾಲಕ್ಕೆ ಹೂ ಮುಡಿದು ಹೊರಟದ್ದು, ದಾರಿಯಲ್ಲಿ ಕಂಡವರನ್ನೆಲ್ಲ ದಾರಿ ಕೇಳಿದ್ದು, ಎಲ್ಲ ನನಗೆ ಬರುತ್ತದೆ. ಒಳಗೆ ಕೂತು ನಾನೂ ನಗುತ್ತಿದ್ದೆ, ಬಾಯಿಗೆ ಧೋತರದ ಚುಂಗು ಅಡ್ಡ ಹಿಡಿದು.

ಹಾಗಿದ್ದರೆ ಆ ಸಂಜೆ ಹೊರಗೆ ಬಂದು ನಾನು ಯಾಕೆ ಒದರಾಡಿದೆ? ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನೀನು ಹೋದ ಮೇಲೆ ನಡೆದದ್ದನ್ನು ಕೇಳು.

ನೀನು ಹೋದ ಮರುದಿನ ಸಂಜೆಯೂ ಮಕ್ಕಳು ಬಂದರು. ಬಾಗಿಲು ತೆರೆದೆ. ಬಳೆಗಾರ ರಮಜಾನಸಾಬನ ಮಗಳು ರಶೀದಾಬಿ ಮುಂದೆ ನಿಂತಿದ್ದಳು. “ಮಾಸ್ತರ್ರ, ಅಕ್ಕಾರು ಎಲ್ಲ್ಯದಾರ್ರಿ? ಎಮ್ಮಿ ಮುಂದ ಏನ ಮಾಡ್ತ್ರಿ?” ಎಂದಳು. ‘ಅಕ್ಕಾರು ತವರಿಗೆ ಹೋಗಿದ್ದಾರೆ’ ಎಂದೆ. ಯಾಕೆ ಎಂದು ಅವರು ಕೇಳಲಿಲ್ಲ. ಆ ದಿನ ಅವರೂ ಅಲ್ಲೇ ಇದ್ದರಲ್ಲ. ಹನ್ನೊಂದು ಜೋಡಿ ಕಣ್ಣು ನನ್ನನ್ನು ನೋಡುವಾಗ ನನಗೆ ತಡೆಯಲಾಗಲಿಲ್ಲ. “ಕುಂಡ್ರಿ, ನಾ ಹೇಳ್ತೀನಿ” ಎಂದುಬಿಟ್ಟೆ.

ಹೇಳತೊಡಗಿದೆ. ಎಮ್ಮೆ ಧುಪದಾಳದ ಒಡ್ಡಿನ ಹತ್ತಿರ ಬಂತು ಎಂದೆ. ಎದುರಿಗೆ ಮೌನ. ಮತ್ತೊಂದು ಮಾತು ಹೇಳಿದೆ. ಮೌನ. ಕಥೆ ಹೇಳುವವನಿಗೆ ಎದುರಿನಿಂದ ಹ್ಞೂಂ ಬರದಿದ್ದರೆ ಹೇಗಿರುತ್ತದೆಂದು ನಿನಗೆ ಗೊತ್ತಿಲ್ಲ, ನಿನಗೆ ಆ ಪ್ರಸಂಗವೇ ಬಂದಿಲ್ಲ. ‘ಯಾಕ್ರೋ, ಹ್ಞೂಂ ಅನ್ನಾಕ ಏನಾಗೇತಿ?’ ಎಂದು ಗದರಿದೆ. ಹುಡುಗರ ನಡುವಿನಿಂದ ಯಾಕೂಬ ಬಹಳ ಮರ್ಯಾದೆಯಿಂದ ಎದ್ದು ನಿಂತು, “ಅಕ್ಕಾರು ಹೇಳಿದ್ರ ಹ್ಞೂಂ ತಾನ ಬರತೈತ್ರಿ. ನಿಮ್ಮ ಮುಂದ ಬರವಲ್ದ್ರಿ” ಎಂದ.

ನನ್ನ ಸಿಟ್ಟು ನಿನಗೆ ಗೊತ್ತೇ ಇದೆ. “ಕನ್ನಡದಾಗ ಬರವಲ್ದಂದ್ರ ಇಂಗ್ಲೀಷಿನ್ಯಾಗರ ಅನ್ರಿ!” ಎಂದು ಕುಹಕದಿಂದ ಅಂದೆ. ಯಾಕೂಬ ಅದನ್ನು ಹುಕುಮು ಎಂದೇ ತಿಳಿದ. ತಲೆ ಕೆರೆದುಕೊಂಡು, ಎಂಟನೆಯ ಪಾಠದ ಎಲ್ಲಿಂದಲೋ ಹುಡುಕಿ ತೆಗೆದು, “ಆಂಡ್ ದೆನ್?” ಎಂದ.

ಕಾಶೆವ್ವಾ, ಮೂರು ತಿಂಗಳಲ್ಲಿ ನಾನು ಕೇಳದೆ, ಹೊಡೆಯದೆ, ಹಲಗೆ ತೋರಿಸದೆ ಒಂದು ಮಗುವಿನ ಬಾಯಿಂದ ಬಂದ ಮೊದಲ ಇಂಗ್ಲೀಷು ಅದು. ಉಳಿದವರೂ ಹಿಡಿದುಕೊಂಡರು. “ಆಂಡ್ ದೆನ್? ಆಂಡ್ ದೆನ್?” ಕಟ್ಟೆ ಅದುರಿತು. ನಾನು ಎಮ್ಮೆಯನ್ನು ಎಬ್ಬಿಸಿಕೊಂಡು ಓಡಿದೆ, ಮತ್ತೇನು ಮಾಡಲಿ?

ಮರುದಿನ ಮುಂಜಾನೆ ಛಡಿಯನ್ನು ಕಪಾಟಿನ ಮೇಲೆ ಒಗೆದು ಎಮ್ಮೆಯನ್ನೇ ವರ್ಗಕ್ಕೆ ಕರೆದುಕೊಂಡು ಹೋದೆ. ಆಟದ ನಿಯಮ ಹೀಗೆ: ಕಥೆಯನ್ನು ನಾನು ಕನ್ನಡದಲ್ಲಿ ಹೇಳುವುದು. ಆದರೆ ಎಮ್ಮೆ ರೈಲು ಹತ್ತಬೇಕಾದದ್ದರಿಂದ ಅದು ಇಂಗ್ಲೀಷಿನಲ್ಲೇ ಮಾತಾಡಬೇಕು, ದಾರಿಯಲ್ಲಿ ಸಿಕ್ಕವರೂ ಇಂಗ್ಲೀಷಿನಲ್ಲೇ ಉತ್ತರ ಕೊಡಬೇಕು. ಮಾತು ಬಾರದಿದ್ದರೆ ಎಮ್ಮೆ ನಿಂತಲ್ಲೇ ನಿಲ್ಲುತ್ತದೆ. ಒಂದು ದಿನ ಸ್ಟೇಷನ್ ಮಾಸ್ತರನಾದ ಯಾಕೂಬನಿಗೆ ‘ಗೋ ಸ್ಟ್ರೇಟ್’ ನೆನಪಾಗದೆ ಎಮ್ಮೆ ಬಿಸಿಲಲ್ಲಿ ನಿಂತೇ ಇತ್ತು. ಮನೆಗೆ ಹೋದವನು ಕೇಳಿಕೊಂಡು, ಓದಿಕೊಂಡು, ಮರುದಿನ ಬೆಳಗಾಗುವಷ್ಟರಲ್ಲಿ ನನ್ನ ಬಾಗಿಲಿಗೆ ಬಂದು “ಗೋ ಸ್ಟ್ರೇಟ್ ರಿ ಮಾಸ್ತರ್ರ, ಗೋ ಸ್ಟ್ರೇಟ್! ಪಾಪ, ಎಮ್ಮಿ ಎಷ್ಟೊತ್ತಂತ ನಿಂದರತೈತ್ರಿ!” ಎಂದ.

ಎಮ್ಮೆ ಯಾರು ಗೊತ್ತೇ? ನಮ್ಮ ಬೀರಸಿದ್ದಪ್ಪ. ಯಾರೂ ಹೇಳಲಿಲ್ಲ, ತಾನೇ ಎದ್ದು ಬಂದು ನಾಲ್ಕು ಕಾಲಿನ ಮೇಲೆ ನಿಂತ. ನಿಜವಾದ ಎಮ್ಮೆ ಕೂಡ ಅಷ್ಟು ಚಂದ ಕಿವಿ ಅಲ್ಲಾಡಿಸಲಾರದು. “ಸರ್, ವೇರ್ ಈಸ್ ದಿ ಟ್ರೇನ್?” ಎಂದು ಅವನು ದನಿ ತೆಗೆದಾಗ ನನ್ನ ಕಣ್ಣಲ್ಲಿ ನೀರು ಬಂತು. ಹಲಗೆಯ ಮೇಲೆ ಬರೆಯುವ ಖಡುವಿನ ಧೂಳು ಎಂದು ಮಕ್ಕಳಿಗೆ ಹೇಳಿದೆ. ಕಾಡವ್ವ ಮಾತ್ರ ಶಾಲೆಯ ಕಿಟಕಿಯಲ್ಲಿ ನಿಂತು ಎಲ್ಲ ನೋಡಿ, ಓಣಿಗೆಲ್ಲ ಕೇಳುವಂತೆ, “ಕಥಿ ಹೇಳಾಕಿನ್ನ ಓಡಿಸಿ, ಆಕಿ ಕಥೀನ ಹೇಳಾಕತ್ತಾನ ನೋಡ್ರೆವಾ ಮಾಸ್ತರ!” ಎಂದಳು. ಮಾತು ಖರೆ.

ಅಣ್ಣಾಸಾಹೇಬರ ಕಿವಿಗೂ ಸುದ್ದಿ ಬಿತ್ತು. ಇಂಗ್ಲೀಷ ಮಾಸ್ತರನಿಗೆ ಹೆಂಡತಿ ಹೋದ ಮೇಲೆ ತಲೆ ಕೆಟ್ಟಿದೆ, ಮಕ್ಕಳನ್ನು ದನದ ಹಾಗೆ ಹರಿದಾಡಿಸುತ್ತಾನೆ ಎಂದು. ಬಂದು ನೋಡಿದರು. ಇಂಗ್ಲೀಷು ಅವರಿಗೆ ಬಾರದು, ಅದಕ್ಕೇ ಒಂದು ಉಪಾಯ ತೆಗೆದರು. “ಧುಪದಾಳದ ಬಂಗಲೆಕ ಒಬ್ಬ ಗೋರಾ ಸಾಹೇಬ ಬಂದಾನ, ಕಾಲವಿ ನೋಡಾಕ. ಇವು ಆಡೂದು ಖರೇ ಇಂಗ್ಲೀಷ ಐತೋ ನೀವ ಕಟ್ಟಿದ್ದೋ, ಅವನ ಮುಂದ ನೋಡೂಣು” ಎಂದರು. ಕಾಶೆವ್ವಾ, ನಿನಗೆ ಮಾತ್ರ ಹೇಳುತ್ತೇನೆ: ನನ್ನ ಜನ್ಮದಲ್ಲಿ ಒಬ್ಬ ಇಂಗ್ಲೀಷರವನ ಜೊತೆ ನಾನು ಮಾತಾಡಿಲ್ಲ. ನನ್ನ ಇಂಗ್ಲೀಷೂ ಖರೆಯೋ ಕಟ್ಟಿದ್ದೋ ನನಗೇ ಗೊತ್ತಿರಲಿಲ್ಲ.

ಹೋದ ಶನಿವಾರ ಅವರ ಬೆಲ್ಲ ಸಾಗಿಸುವ ಮೋಟಾರಿನಲ್ಲಿ ಹನ್ನೊಂದು ಮಕ್ಕಳು, ರೊಟ್ಟಿ-ಶೇಂಗಾ ಹಿಂಡಿಯ ಬುತ್ತಿ, ನಾನು, ಅಣ್ಣಾಸಾಹೇಬರು ಹೊರಟೆವು. ಇಳಿಯುವಾಗ ಎಲ್ಲರ ಚೊಣ್ಣ ಬೆಲ್ಲದ ಅಂಟಿಗೆ ಹಲಗೆಗೆ ಹತ್ತಿಕೊಂಡಿತ್ತು. ಸಾಹೇಬ ವಯಸ್ಸಾದವನು, ಕೆಂಪು ಮುಖ, ಒಳ್ಳೆಯವನು. ವರಾಂಡದಲ್ಲಿ ಚಹಾ ಕುಡಿಯುತ್ತಿದ್ದ. ನಾನು ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡ ನಾಲ್ಕು ವಾಕ್ಯ ಹೇಳಿದೆ. ಅವನು ಉತ್ತರ ಹೇಳಿದ. ನನಗೆ ‘ಚಿಲ್ಡ್ರನ್’ ಎಂಬುದೊಂದು ತಿಳಿಯಿತು.

ಸಾಹೇಬ ಮಕ್ಕಳ ಕಡೆ ತಿರುಗಿ, ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳತೊಡಗಿದ. ಈ ಹೊಳೆ ದೂರದ ಬೆಟ್ಟದಿಂದ ಬರುತ್ತದೆ ಎಂದ. ಹನ್ನೊಂದು ಮಕ್ಕಳು ಒಂದೇ ದನಿಯಲ್ಲಿ “ಆಂಡ್ ದೆನ್?” ಎಂದರು.

ದೊಡ್ಡವರು ಮಾತಾಡುವಾಗ ನಡುವೆ ಬಾಯಿ ಹಾಕಬಾರದು ಎಂದು ಕಲಿಸಿದ್ದೆ. ಆದರೆ ಹೇಳುವವರು ನಿಂತಾಗ ಹ್ಞೂಂ ಅನ್ನುವುದು ಬಾಯಿ ಹಾಕಿದಂತೆಂದು ನಮ್ಮ ಕಡೆಯ ಯಾವ ಮಗು ತಿಳಿದೀತು? ಸಾಹೇಬ ಗಾಬರಿಯಾಗಿ ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ. ಅವನು ಮತ್ತೊಂದು ವಾಕ್ಯ ಹೇಳಿದ. “ಆಂಡ್ ದೆನ್?” ನೀರು ಇಲ್ಲಿ ಕಾಲುವೆಗೆ ಇಳಿಯುತ್ತದೆ ಎಂದ. “ಆಂಡ್ ದೆನ್?” ಮನುಷ್ಯನಿಗೆ ಹೀಗೆ ಹ್ಞೂಂಗುಟ್ಟಿದರೆ ಸಾಹೇಬನಾದರೇನು, ಸುಬೇದಾರನಾದರೇನು, ನಿಲ್ಲಿಸಲಾದೀತೇ? ಅವನ ಮುಖ ಅರಳಿತು. ಹೊಳೆ ಮುಗಿಸಿ ತನ್ನ ಊರಿಗೆ ಹೋದ, ಅಲ್ಲಿಯ ಹಿಮ, ಅಲ್ಲಿಯ ಕುದುರೆ, ತನ್ನ ತಾಯಿ ಮಾಡುತ್ತಿದ್ದ ರೊಟ್ಟಿ. ಚಹಾ ಆರಿ ತಣ್ಣಗಾಯಿತು. ಅಣ್ಣಾಸಾಹೇಬರು ಒಂದಕ್ಷರ ತಿಳಿಯದೆ ಪ್ರತಿ ಮಾತಿಗೂ ಗೋಣು ಹಾಕುತ್ತಿದ್ದರು. ಅವನು ನಿಧಾನವಾಗಿ ಹೇಳುತ್ತಿದ್ದುದರಿಂದ ನನಗೂ ತಿಳಿಯತೊಡಗಿತು. ಮಕ್ಕಳಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ, ಆದರೆ ಯಾರೂ ಕಣ್ಣು ಮಿಟುಕಿಸಲಿಲ್ಲ.

ಆಮೇಲೆ ಅವನು, ‘ನನಗೆ ಹೆಂಡತಿ ಇದ್ದಾಳೆ, ಇಲ್ಲೇ ಇದ್ದಳು, ಮೂರು ವರ್ಷದ ಹಿಂದೆ ತನ್ನ ತಾಯಿಯ ಮನೆಗೆ ಹೋದಳು’ ಎಂದ.

“ಆಂಡ್ ದೆನ್?”

‘ನಾನು ಒರಟಾಗಿ ಮಾತಾಡಿದ್ದೆ, ನಾಲ್ಕು ಜನರ ಮುಂದೆ’ ಎಂದ.

“ಆಂಡ್ ದೆನ್?”

‘ಅವಳು ಬರೆಯಲಿಲ್ಲ, ನಾನೂ ಬರೆಯಲಿಲ್ಲ’ ಎಂದ.

“ಆಂಡ್ ದೆನ್?”

ಸಾಹೇಬ ಬಟ್ಟಲು ಎತ್ತಿದ, ಕುಡಿಯದೆ ಇಟ್ಟ. ‘ದೆನ್ ನಥಿಂಗ್’ ಎಂದ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಕಥೆ ಹೀಗೆ ನಿಂತದ್ದನ್ನು ಅವರು ಎಲ್ಲಿಯೂ ಕಂಡಿಲ್ಲ. ಆಗ ರಶೀದಾಬಿ ಎದ್ದು ನಿಂತಳು. ನಾನು ಕಲಿಸಿದ ವಾಕ್ಯವಲ್ಲ, ಎಮ್ಮೆಯ ಕಥೆಯಲ್ಲೂ ಇಲ್ಲ, ಆ ಹುಡುಗಿ ತಾನೇ ಒಂದೊಂದು ಶಬ್ದ ಹೆಕ್ಕಿ ಜೋಡಿಸಿ, “ಸಾಹೇಬ್, ಯು ರೈಟ್ ಲೆಟರ್” ಎಂದಳು.

ಸಾಹೇಬ ಅವಳನ್ನು ನೋಡಿದ. ಆಮೇಲೆ ಗಹಗಹಿಸಿ ನಕ್ಕ, ವಸ್ತ್ರ ತೆಗೆದು ಮುಖ ಒರೆಸಿಕೊಂಡ, ಎದ್ದು ಬಂದು ಅವಳ ಕೈ ಕುಲುಕಿದ. ಬಿಸ್ಕೀಟಿನ ಡಬ್ಬಿ ಪೂರ್ತಿ ಮಕ್ಕಳಿಗೆ ಕೊಟ್ಟ. “ಏನಂದ್ರಿ? ಪಾಸೇನ್ರಿ?” ಎಂದು ಅಣ್ಣಾಸಾಹೇಬರು ನನ್ನ ತೋಳು ಜಗ್ಗಿದರು. ‘ಪಾಸು’ ಎಂದೆ. ಮುಂದಿನ ವರ್ಷವೂ ವರ್ಗ ನಡೆಯಲಿ ಎಂದು ಅವರು ಅಲ್ಲೇ ಸಾರಿಬಿಟ್ಟರು.

ತಿರುಗಿ ಬರುವಾಗ ಮೋಟಾರಿನಲ್ಲಿ ರಶೀದಾಬಿ ನನ್ನ ಬಾಜೂಕ್ಕೆ ಕೂತಿದ್ದಳು. “ಮಾಸ್ತರ್ರ, ಸಾಹೇಬ್ರು ಪತ್ರ ಬರೀತಾರೇನ್ರಿ?” ಎಂದಳು. ‘ಬರೀತಾರ’ ಎಂದೆ. ಒಂದು ಬಿಸ್ಕೀಟು ತಿಂದು ಮುಗಿಸಿ, “ಮತ್ತ ನೀವ್ರಿ?” ಎಂದಳು.

ಹತ್ತು ವರ್ಷದ ಹುಡುಗಿ! ಇನ್ನೊಂದು ಬಿಸ್ಕೀಟು ತೆಗೆದು ಅವಳ ಕೈಯಲ್ಲಿಟ್ಟೆ.

ಈಗ ಆ ಸಂಜೆಯ ಮಾತಿಗೆ ಬರುತ್ತೇನೆ. ‘ಮೂರನೇ ಇಯತ್ತಿ ಕಲ್ತಾಕಿ, ನಿನ್ನ ಬುರುಡಿ ಕಥಿಗೆ ಹುಡುಗರ ತಲಿ ಕೆಟ್ಟು ಹ್ವಾದುವು’ ಎಂದು ಆ ಮಕ್ಕಳೆದುರಿಗೇ ನಿನಗೆ ಅಂದೆ. ನೀನು ಎದ್ದು ಹೋಗಿ ನನಗೆ ರೊಟ್ಟಿ ಬಡಿದು ಹಾಕಿದೆ. ಅದನ್ನು ನಾನು ತಿಂದೆ ಕೂಡ. ಮಕ್ಕಳ ತಲೆ ಕೆಟ್ಟಿರಲಿಲ್ಲ. ನನಗೆ ಹೊಟ್ಟೆಕಿಚ್ಚು. ಟ್ರೇನಿಂಗ್ ಕಾಲೇಜು ಮುಗಿಸಿ, ಛಡಿ ಹಿಡಿದು, ಮೂರು ತಿಂಗಳು ಬೆವರು ಸುರಿಸಿ ತೆರೆಯಲಾಗದ ಬಾಯಿಗಳನ್ನು ನೀನು ಅಕ್ಕಿ ಆರಿಸುತ್ತ ಕೂತಲ್ಲಿಂದಲೇ ತೆರೆಸಿದ್ದೆ. ಅದನ್ನು ಕಂಡು ಸಹಿಸಲಾಗಲಿಲ್ಲ. ತಪ್ಪು ನನ್ನದು. ನೀನು ಕೇಳಬೇಕೆಂದದ್ದು ಇದೇ ಮಾತಲ್ಲವೇ? ಇನ್ನೊಮ್ಮೆ ಬರೆಯುತ್ತೇನೆ, ಈ ಸಲ ಶಾಯಿ ತುಂಬಿಸಿಕೊಂಡು: ತಪ್ಪು ನನ್ನದು.

ಮಕ್ಕಳ ಮುಂದೆ ಅಂದದ್ದನ್ನು ಬರೀ ಲಕೋಟೆಯೊಳಗೆ ಹಿಂದಕ್ಕೆ ತೆಗೆದುಕೊಂಡರೆ ನ್ಯಾಯವಲ್ಲ. ಇವತ್ತು ಮುಂಜಾನೆ ವರ್ಗದಲ್ಲಿ ಎದ್ದು ನಿಂತು ಹೇಳಿದೆ: “ಅವತ್ತ ನಿಮ್ಮ ಅಕ್ಕಾರಿಗೆ ನಾ ಅಂದಿದ್ದು ತಪ್ಪು. ನೀವು ಇಂಗ್ಲೀಷ ಕಲ್ತಿದ್ದು ಅವರ ಕಥಿಯಿಂದ.” ಛಡಿ ಹಿಡಿಯುತ್ತಿದ್ದ ಮಾಸ್ತರ ತಪ್ಪಾಯಿತು ಎಂದದ್ದನ್ನು ಆ ಮಕ್ಕಳು ಎಂದೂ ನೋಡಿರಲಿಲ್ಲ. ಆಮೇಲೆ ಬೀರಸಿದ್ದಪ್ಪ, ನಮ್ಮ ಎಮ್ಮೆ, ಹಿಂದಿನ ಸಾಲಿನಿಂದ ಮೆಲ್ಲಗೆ “ಆಂಡ್ ದೆನ್?” ಎಂದ. ಶಾಲೆ ಬಿಟ್ಟ ಕೂಡಲೇ ಮನೆಗೆ ಬಂದು ಈ ಪತ್ರಕ್ಕೆ ಕೂತೆ.

ನೀನು ಬಂದರೆ ಆ ಮುಂಜಾನೆಯ ತಾಸಿಗೆ ನನ್ನ ಜೊತೆ ಶಾಲೆಗೆ ಬರಬೇಕು. ಕಥೆ ನಿನ್ನದು, ಇಂಗ್ಲೀಷು ನನ್ನದು. ಅಣ್ಣಾಸಾಹೇಬರನ್ನು ಕೇಳಿದ್ದೇನೆ. “ಕೇಳೂದೇನ್ರಿ, ಮೊದಲ ಮಾಡಬೇಕಾಗಿತ್ತು” ಎಂದರು. ಬಾರದಿದ್ದರೆ, ಕಾಶೆವ್ವಾ, ವರ್ಗ ಹೇಗೋ ನಡೆದೀತು, ಈ ಮಕ್ಕಳು ಈಗ ನಿಲ್ಲುವವರಲ್ಲ. ನಡೆಯದಿರುವವನು ನಾನೊಬ್ಬನೇ. ಶಾಲೆಯ ಕೆಲಸದ ಪತ್ರ ಎಂದು ಮೇಲೆ ಬರೆದದ್ದನ್ನು ಹೊಡೆದು ಹಾಕಬೇಕೆಂದಿದ್ದೆ, ಹಾಳೆ ಗಲೀಜಾಗುತ್ತದೆಂದು ಬಿಟ್ಟಿದ್ದೇನೆ.

ಮಾವನವರಿಗೂ ಅತ್ತೆಯವರಿಗೂ ನನ್ನ ಶರಣಾರ್ಥಿ. ಪತ್ರವನ್ನು ನೀನೊಬ್ಬಳೇ ಓದು.

ಇಂತಿ,
ನೀನು ಎಂದೂ ಹೆಸರು ಹಿಡಿದು ಕರೆಯದ
ರಾಚಪ್ಪ

ತಾ. ಕ.: ದೀಪಾವಳಿಗೆ ಬರಲಾಗದು ಎಂದು ಬರೆದದ್ದು ಸುಳ್ಳು. ಬಂದಿದ್ದೆ. ಹಿಂದಿನ ದಿನ ನಿಡಸೋಸಿಯ ಮಠದಲ್ಲಿ ಉಳಿದು, ಪಾಡ್ಯದ ಮುಂಜಾನೆ ಹುಕ್ಕೇರಿಗೆ ನಡೆದು ಬಂದೆ, ಬಗಲಲ್ಲಿ ಗೋಕಾಕದ ಕರದಂಟಿನ ಪುಡಿಕೆ. ನಿಮ್ಮ ಓಣಿಯ ಗಾಣದ ಮನೆಯ ಮೂಲೆಯಲ್ಲಿ ನಿಂತಿದ್ದೆ. ನೀನು ಹೊಸ್ತಿಲಲ್ಲಿ ಪಾಡ್ಯದ ಪೂಜೆಗೆ ಸಗಣಿಯ ಪಾಂಡವರನ್ನು ಕೂರಿಸಿ ಹೂವಿಡುತ್ತಿದ್ದೆ. ನಡುವೆ ಮೂರು ಸಲ ತಲೆಯೆತ್ತಿ ಮೋಟಾರು ಬರುವ ದಾರಿಯ ಕಡೆ ನೋಡಿದೆ. ಮೂರನೆಯ ಸಲಕ್ಕೆ ನನ್ನ ಧೈರ್ಯ ಕೈಕೊಟ್ಟಿತು, ಹಿಂದಿರುಗಿ ಹೋದೆ. ಕರದಂಟನ್ನು ದಾರಿಯಲ್ಲಿ ನಾನೇ ತಿಂದು ಮುಗಿಸಿದೆ. ಈ ರವಿವಾರ ಹತ್ತರ ಮೋಟಾರಿಗೆ ಬರುತ್ತೇನೆ, ನೇರ ಬಾಗಿಲಿಗೆ. ಅವತ್ತು ನೀನು ದಾರಿ ನೋಡಿದ್ದು ನನಗಾಗಿ ಅಲ್ಲದಿದ್ದರೆ, ದಯಮಾಡಿ ಅದನ್ನು ನನಗೆ ಬರೆದು ತಿಳಿಸಬೇಡ. ನನಗಾಗಿಯೇ ಎಂದು ತಿಳಿದುಕೊಂಡು ಬರುತ್ತಿದ್ದೇನೆ.